ಎಲ್ಲರಿಗೂ ಗರ್ಮಿ

“ಏ ತಮ್ಮಾ ಡಾಕ್ಟರ, ನಿನಗ ಮೀಸಿ ಇನ್ನೂ ನೆಟ್ಟಗ ಮೂಡಿಲ್ಲ. ನೀ ನಮಗ ಗುಪ್ತರೋಗದ ಪಾಠಾ ಹೇಳ್ತೀ? ಮದಲ ಲಗ್ನಾ ಮಾಡ್ಕೊ, ಆಮ್ಯಾಲ ಬಾ!”

ರಘೋತ್ತಮಾಚಾರ್ಯ ವೈದ್ಯರು ಹೀಗೆಂದದ್ದೇ ತಡ, ರಾಮದುರ್ಗದ ಧರ್ಮಶಾಲೆಯಲ್ಲಿ ಕೂಡಿದ್ದ ನಾಟಿ ವೈದ್ಯರು, ಸೂಲಗಿತ್ತಿಯರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದು. ಸರಕಾರ ಕಳಿಸಿದ ದಿಗಂಬರ ಡಾಕ್ಟರನ ಕಿವಿ ಕೆಂಡವಾದವು. ಬಾಯಿಗೆ ಬಂದದ್ದನ್ನು ನುಂಗಿ ಪಾಠ ಮುಂದುವರಿಸಿದ.

ಪಾಠ ಗರ್ಮಿಯದು. ಗಂಡ ಹೊರಗಿನಿಂದ ಹೊತ್ತು ತಂದು ಹೆಂಡತಿಗೆ ಕೊಡುವ, ಆಕೆಯಿಂದ ಹೊಟ್ಟೆಯ ಕೂಸಿಗೆ ದಾಟುವ ರೋಗ. ಆದರೆ ಈ ಕಡೆಯ ಜನ ಬಿಸಿಲಿನ ಸೆಕೆಗೂ ಗರ್ಮಿ ಎಂದೇ ಅನ್ನುತ್ತಾರೆ. ಆಚಾರ್ಯರಿಗಂತೂ ಎರಡೂ ಒಂದೇ, ಎರಡಕ್ಕೂ ಗುಲ್ಕಂದವೇ ಮದ್ದು.

“ಇದು ನಾಡಿಯೊಳಗ ಸಿಗಂಗಿಲ್ರಿ, ರಕ್ತಾನ ತಪಾಸ ಮಾಡಬೇಕು,” ಎಂದ ದಿಗಂಬರ. “ಸತ್ತ ಕೂಸು ಹುಟ್ಟಿದ್ರ ಮುಂದಿನ ಬಸರಿನ್ಯಾಗ ಈ ತಪಾಸ ತಪ್ಪಸಬ್ಯಾಡ್ರಿ. ಪೆನ್ಸಿಲಿನ್ ಅಂತ ಹೊಸಾ ಸೂಜಿ ಬಂದದ. ಕೂಸು ಉಳೀತದ.”

ಸೂಲಗಿತ್ತಿ ಕಾಡವ್ವ ನೆಟ್ಟಗೆ ಕುಳಿತಳು. “ತಪಾಸ ಹೇಂತಿಗಷ್ಟ ಏನ್ರಿ, ಗಂಡಗೂ ಏನ್ರಿ?”

“ಇಬ್ಬರಿಗೂ.”

ಕಣ್ಣೆಲ್ಲ ಒಮ್ಮೆಲೇ ಮುಂದಿನ ಖುರ್ಚಿಯತ್ತ ಹೊರಳಿದವು. ಅಲ್ಲಿದ್ದವನು ಹತ್ತಿ ವ್ಯಾಪಾರಿ ಶಂಕ್ರೆಪ್ಪ, ಸಭೆಯ ಅಧ್ಯಕ್ಷ. ಅವನ ಹೆಂಡತಿ ಸಾವಿತ್ರೆವ್ವ ಹೆತ್ತ ಎರಡು ಸತ್ತ ಕೂಸುಗಳನ್ನು ಕೈಯಲ್ಲಿ ಹಿಡಿದವಳು ಕಾಡವ್ವನೇ. ಸಾವಿತ್ರೆವ್ವ ಈಗ ಮತ್ತೆ ಬಸುರಿ. ಶಂಕ್ರೆಪ್ಪ ರುಮಾಲು ಸರಿಪಡಿಸಿಕೊಂಡು ಎದ್ದ. ಅವನು ಹೊಸ್ತಿಲು ದಾಟಿದರೆ ಮೂರನೆಯದೂ ಮಣ್ಣಿಗೇ. ದಿಗಂಬರ ಅವನನ್ನು ತಡೆಯಲು ಮುಂದೆ ಬಂದ.

ಅಷ್ಟರಲ್ಲಿ ಆಚಾರ್ಯರು ತೋಳೇರಿಸಿ ಗುಡುಗಿದರು: “ಸಾವಕಾರ್ರ, ಕೂಡ್ರಿ! ಗರ್ಮಿ ಅಂದ್ರ ಸೆಕಿ. ಚೈತ್ರದಾಗ ಗರ್ಮಿ ಯಾರಿಗಿಲ್ಲ? ನನಗಂತೂ ಮೈತುಂಬ ಗರ್ಮಿ ಅದ! ತಗೋ ಡಾಕ್ಟರ, ಮದಲ ನನ್ನ ರಕ್ತಾನ ತಗೋ, ನಿನ್ನ ತಪಾಸಣಿ ಏನ ಹೇಳ್ತದ ನೋಡೇಬಿಡೂಣು!”

ಸೂಲಗಿತ್ತಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಕಾಡವ್ವ ಮಾತ್ರ ನಗದೆ, “ನನಗೂ ಭಾಳ ಗರ್ಮಿ ಐತ್ರಿಯಪಾ,” ಎಂದು ಆಚಾರ್ಯರ ಬೆನ್ನಿಗೆ ನಿಂತಳು. ಅವಳ ಹಿಂದೆ ಉಳಿದವರೂ ಬಂದರು. ಊರಿಗೇ ಗರ್ಮಿ ಇದ್ದ ಮೇಲೆ ಶಂಕ್ರೆಪ್ಪನೊಬ್ಬನಿಗೆ ಎಲ್ಲಿಯ ನಾಚಿಕೆ? ಅವನೂ ತೋಳು ಚಾಚಿದ. ಸೂಜಿ ಹೊರಬಂದ ಮೇಲೆ ಮೆಲ್ಲಗೆ, “ನಮ್ಮ ಮನ್ಯಾಗಿನಾಕಿಗೂ ಗರ್ಮಿ ಐತ್ರಿ. ಈಗ ಮನಿಗೆ ಬರತೀರೇನ್ರಿ?” ಎಂದ.

ದಿಗಂಬರ ಪೆಟ್ಟಿಗೆ ಮುಚ್ಚಿದ. ಆಚಾರ್ಯರು ಬಾಗಿಲಿಗೆ ಅಡ್ಡ ನಿಂತು ಶಲ್ಯ ಝಾಡಿಸಿದರು.

“ಏನೋ ತಮ್ಮಾ, ಎಲ್ಲಾರ ಮುಂದ ಒಪ್ಪಿಕೊ. ಇದು ಬರೇ ಬ್ಯಾಸಗಿ ಸೆಕಿ, ಹೌದಿಲ್ಲೋ? ಗುಲ್ಕಂದ ಸಾಕಿಲ್ಲೋ?”

ದಿಗಂಬರನ ನಾಲಗೆಯ ತುದಿಯಲ್ಲಿ ಉತ್ತರ ಕೊತಕೊತ ಕುದಿಯುತ್ತಿತ್ತು. ಶಂಕ್ರೆಪ್ಪ ಅವನ ಬಾಯನ್ನೇ ನೋಡುತ್ತ ನಿಂತಿದ್ದ; ‘ಅಲ್ಲ’ ಎಂದರೆ ಅವನ ಮನೆಯ ಬಾಗಿಲು ಮುಚ್ಚಿಬಿಟ್ಟೀತು. ದಿಗಂಬರ ಪೆಟ್ಟಿಗೆಯನ್ನು ಕಂಕುಳಿಗೇರಿಸಿ, ಆಚಾರ್ಯರ ಪಕ್ಕದಿಂದ ನುಸುಳಿ, ಸಾವಿತ್ರೆವ್ವನ ಮನೆಯ ದಾರಿ ಹಿಡಿದ.