ಮುಚ್ಚಿದ ಕಿಟಕಿ

"ಗ್ಯಾಸ್ ಹೋಯ್ತೇನಮ್ಮ?" ಬಾಗಿಲಲ್ಲೇ ನಿಂತು ನರ್ಸ್ ಈಶ್ವರಮ್ಮ ಕೇಳಿದಳು.

ಮಂಚದ ಮೇಲಿದ್ದ ಸೀತಾಲಕ್ಷ್ಮಮ್ಮನವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, "ಇಲ್ಲ ಸಿಸ್ಟರ್" ಎಂದರು. ಪಕ್ಕದಲ್ಲಿ ಕೂತಿದ್ದ ಮಗ ಚಿರಂತ್ ನೆಲ ನೋಡಿದ.

ಕರುಳು ತಿರುಚಿಕೊಂಡು ಆಪರೇಷನ್ ಆಗಿತ್ತು. ಕರುಳು ಮತ್ತೆ ಕೆಲಸ ಶುರುಮಾಡಿದೆ ಎನ್ನುವುದಕ್ಕೆ ಗಾಳಿ ಹೋಗುವುದೇ ಸಾಕ್ಷಿ; ಅಲ್ಲಿಯತನಕ ತೊಟ್ಟು ನೀರೂ ಇಲ್ಲ. ಸಂಜೆಯೊಳಗೆ ಹೋಗದಿದ್ದರೆ ಮೂಗಿಗೆ ಪೈಪು ಹಾಕಿ ಸ್ಕ್ಯಾನಿಗೆ ಕಳಿಸುವುದು, ಬೇಕಾದರೆ ಹೊಟ್ಟೆಯನ್ನೇ ಮತ್ತೆ ತೆರೆಯುವುದು ಎಂದು ಡಾಕ್ಟರು ಹೇಳಿಹೋಗಿದ್ದರು. ಜಯನಗರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಪೈಪಿನ ಟ್ರೇ ಆಗಲೇ ಸಿದ್ಧವಾಗಿ ಕೂತಿತ್ತು.

ಈಶ್ವರಮ್ಮ ಕಾರಿಡಾರಿಗೆ ಬಂದರೆ ಗಂಡನ ಫೋನು. ತಲಘಟ್ಟಪುರದ ತಮ್ಮ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಚಿಕ್ಕಬೈರಪ್ಪನದು ಒಂದೇ ರಾಗ.

"ಕೆಲ್ಸ ಬಿಡ್ತೀನಿ ಅಂತ ಹೇಳ್ಬಿಟ್ಯಾ?"

"ಪೇಷೆಂಟಿಗೆ ಗ್ಯಾಸ್ ಹೋಗ್ಲಿ, ಆಮೇಲೆ."

"ಥೂ. ಯಜಮಾನ್ತಿ ಆಗಿ ಮನೇಲಿ ಕೂರೋದ್ ಬಿಟ್ಟು ಕಂಡೋರ ಹೂಸು ಕಾಯ್ತಾ ನಿಂತಿದ್ಯಲ್ಲೇ."

"ಹೂಂ, ಕಾಯ್ತೀನಿ. ನಿಮ್ದಾದ್ರೆ ಕಾಯೋದೇ ಬೇಡ, ದಿನಾ ಪುಕ್ಸಟ್ಟೆ." ಫೋನನ್ನು ಜೇಬಿಗೆ ತುರುಕಿದಳು.

ಬಿಪಿ ನೋಡಲು ಮತ್ತೆ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮೂಗು ಅರಳಿತು.

"ಹೊರಗಡೆ ಮೋರಿ ವಾಸನೆ ಸಿಸ್ಟರ್" ಎನ್ನುತ್ತ ಚಿರಂತ್ ಕಿಟಕಿ ಮುಚ್ಚಲು ಎದ್ದ. ಕಿಟಕಿ ಮುಚ್ಚಿಯೇ ಇತ್ತು.

ಸೀತಾಲಕ್ಷ್ಮಮ್ಮನವರು ಗೋಡೆ ಕಡೆ ಮುಖ ತಿರುಗಿಸಿದರು. ಕಿವಿ ಕೆಂಪಾಗಿತ್ತು. ಈಶ್ವರಮ್ಮ ಚಿರಂತ್ ಕಡೆ ತಿರುಗಿದಳು.

"ನೀವು ಹೋಗಿ ಕಾಫಿ ಕುಡ್ಕೊಂಡ್ ಬನ್ನಿ ಸಾರ್."

"ಈಗಷ್ಟೇ ಕುಡಿದೆ."

"ಇನ್ನೊಂದ್ ಕುಡೀರಿ."

ಬಾಗಿಲು ಹಾಕಿ ಮಂಚದ ಮೇಲೆ ಬಾಗಿದಳು. "ಈಗ ಹೇಳಿ. ಯಾವಾಗಿಂದ?"

"ಬೆಳಿಗ್ಗೆಯಿಂದ." ಅವರು ಗೋಡೆಗೆ ಹೇಳುವಂತೆ ಪಿಸುಗುಟ್ಟಿದರು. "ಮಗನ ಎದುರಿಗೆ ಹೇಗಮ್ಮ ಹೇಳೋದು? ಸ್ಕೂಲಲ್ಲಿ ಸಂಸ್ಕೃತ ಪಾಠ ಮಾಡ್ದೋಳು ನಾನು."

"ನಿಮ್ಮ ನಾಚಿಕೆಗೆ ಬೆಂಕಿ ಬೀಳ. ಇನ್ನೊಂದ್ಸಲ ಹೊಟ್ಟೆ ಕೊಯ್ಯೋಕೆ ಹೊರಟಿದ್ರಲ್ಲಮ್ಮ." ಬೈಯುತ್ತಿದ್ದಂತೆಯೇ ಅವಳಿಗೆ ನಗು ಉಕ್ಕಿತು. ಸೀತಾಲಕ್ಷ್ಮಮ್ಮನವರೂ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕರು.

ಈಶ್ವರಮ್ಮ ಓಡಿದಳು. ಹತ್ತನೇ ಕ್ಲಾಸು ಮುಗಿಸಿ ನರ್ಸಿಂಗ್ ಕಲಿತು ಬಂದಾಗಿನಿಂದ ಇದೇ ಸುದ್ದಿ ಹೊತ್ತು ಎಷ್ಟು ಸಲ ಓಡಿದ್ದಳೋ. ಒಂದು ಸಲವೂ ನಡೆದುಕೊಂಡು ಹೋಗಲು ಆಗಿರಲಿಲ್ಲ. "ಹೋಯ್ತು ಡಾಕ್ಟ್ರೇ" ಎಂದದ್ದು ಅಕ್ಕಪಕ್ಕದ ರೂಮುಗಳಿಗೂ ಕೇಳಿತು. ಡಾಕ್ಟರು ಬಂದು ಹೊಟ್ಟೆಗೆ ಸ್ಟೆತೊಸ್ಕೋಪ್ ಇಟ್ಟು, "ಚೆನ್ನಾಗಿ ಗುಡುಗ್ತಾ ಇದೆ. ಒಂದೊಂದೇ ಚಮಚ ನೀರು ಕೊಡಿ" ಎಂದರು. ಟ್ರೇ ಬೀರು ಸೇರಿತು.

ಚಮಚಕ್ಕೆ ನೀರು ತುಂಬುವಾಗ ಜೇಬಿನಲ್ಲಿ ಮತ್ತೆ ಫೋನು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಹೇಳಿದ್ಯಾ?"

"ನೀರ್ ಕುಡಿಸ್ತಾ ಇದೀನಿ. ಇಡಿ."

ಒಡೆದ ತುಟಿಗೆ ಚಮಚ ತಾಕಿತು. ಈಶ್ವರಮ್ಮನ ಬಾಯಿಯೂ ತಾನಾಗಿ ತೆರೆದುಕೊಂಡಿತು. ಸೀತಾಲಕ್ಷ್ಮಮ್ಮನವರ ಗಂಟಲು ಒಮ್ಮೆ ಏರಿ, ಇಳಿಯಿತು.