ಹಳೇ ವಿಮಾನದ ಬೆಸುಗೆ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದು ನಾಗಮಂಗಲದ ಮನೆ ತಲುಪುವಷ್ಟರಲ್ಲಿ ರಜೆಗೆ ಬಂದ ನಮ್ಮ ಯಜಮಾನರು ಯೋಗೇಶ್ ಅವರಿಗೆ ಮಿಲಿಟರಿ ಯೂನಿಟ್ಟಿನಿಂದ ಮೂರು ಫೋನು ಬಂದಿತ್ತಂತೆ. ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ, ನಾಲ್ಕನೆಯದು ಬಂತು.

"ವಿಮಾನದ ಬೋರ್ಡು ಮತ್ತೆ ಸುಟ್ಟೋಯ್ತಂತೆ ಕಣೆ. ನಾಳಿದ್ದೇ ಓಗ್ಬೇಕು" ಅಂದರು.

ಹಾಳಾದ್ದು ಆ ವಿಮಾನ! ಶತ್ರುಗಳ ರೇಡಾರು, ವೈರ್‌ಲೆಸ್ಸು ಕೆಡಿಸಲು ಹಾರುವ ಮಿಲಿಟರಿ ವಿಮಾನವಂತೆ. ನಾನು ಹುಟ್ಟುವುದಕ್ಕೂ ಮೊದಲಿನದು. ಮುಂದಿನ ವರ್ಷ ಹೊಸದು ಖಂಡಿತ ಬರುತ್ತದೆ ಎನ್ನುತ್ತಲೇ ಆರು ವರ್ಷ ಕಳೆದರು. ಹಳೆಯದರ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ. ಕೂದಲೆಳೆಯಂಥ ತಂತಿಗಳನ್ನು ಬೆಸೆದು ಬೆಸೆದು ಅದನ್ನು ಹಾರುವಂತೆ ಮಾಡುವವರು ಇವರೊಬ್ಬರೇ. ಅಕ್ಕಸಾಲಿಗರ ಮನೆಯ ಕೈ ನೋಡಿ! ನಮ್ಮ ಮಾವ ಸುಬ್ರಹ್ಮಣ್ಯಾಚಾರರು ಅಂಗಡಿಗೆ ಗಿರಾಕಿ ಏನೇ ತಂದರೂ "ಆಗಲ್ಲ" ಅಂದವರಲ್ಲ. ಮಗನಿಗೂ ಆ ಮಾತು ಬಾಯಿಗೆ ಬರುವುದಿಲ್ಲ.

ಸರ್ವೀಸು ಮುಗಿಯಲು ಒಂದು ತಿಂಗಳಿತ್ತು. ಇನ್ನೂ ಮೂರು ವರ್ಷ ಇರುತ್ತೇನೆಂದು ಬರೆದುಕೊಡಿ ಅಂತ ಸಾಹೇಬರ ಒತ್ತಾಯ. ಹಿಂದೊಮ್ಮೆ ಹಾಗೆ ಬರೆದುಕೊಟ್ಟಾಗಿತ್ತು. ನನಗೂ ಸಾಕಾಗಿಹೋಗಿತ್ತು.

"ನೀವು ರಿಪೇರಿ ಮಾಡ್ತಿರೋದ್ಕೇ ಅದಿನ್ನೂ ಓಡಾಡ್ತಾ ಅದೆ. ಅದು ಓಡಾಡ್ತಿರೋದ್ಕೇ ಒಸದು ಬತ್ತಿಲ್ಲ. ಒಂದ್ಸಲ ಆಗಲ್ಲ ಅಂತ ಬರ್ಕೊಟ್ಟು ಬಂದ್ಬುಡ್ರಿ!" ಅಂದೆ.

"ಅಪ್ಪನ ಮಕ ಯೆಂಗೆ ನೋಡ್ಲಿ?" ಎಂದು ನಕ್ಕರು. ನಗುವುದಕ್ಕೂ ಅವರಲ್ಲಿ ತ್ರಾಣವಿರಲಿಲ್ಲ.

ಹೋದರು. ತಿಂಗಳಾದ ಮೇಲೆ ಟ್ರಂಕಿನ ಸಮೇತ ಬಂದರು. ರಿಪೇರಿ ಆಗುವುದಿಲ್ಲ ಎಂದು ಬರೆದು ರುಜು ಹಾಕಿದ್ದರಂತೆ. ವಿಮಾನವನ್ನು ಶೆಡ್ಡಿಗೆ ತಳ್ಳಿದರಂತೆ. ಅಬ್ಬಾ, ಗೆದ್ದೆ ಅಂದುಕೊಂಡು ಅವತ್ತು ಒಬ್ಬಟ್ಟು ಮಾಡಿದೆ.

ಊಟಕ್ಕೆ ಕೂತಾಗ ಮಾವ ಕೇಳಿದರು. "ನಿಜ ಯೇಳ್ಲಾ ಯೋಗಿ. ರಿಪೇರಿ ಆಯ್ತಲೇ ಇರ್ನಿಲ್ವಾ?"

"ಆಗ್ತಿತ್ತು ಕಣಪ್ಪ."

ಮಾವನ ಮುಖ ಬಿಗಿದುಕೊಂಡಿತು. "ಮತ್ಯಾಕ್ಲಾ ಸುಳ್ಳು ಬರ್ದೆ?"

"ಬೆಸೆದ್ರೆ ಇಡ್ಕೊತಿತ್ತು. ಎಷ್ಟೊತ್ತು ಇಡ್ಕೊತದೆ ಅಂತ ಗೊತ್ತಿರ್ನಿಲ್ಲ. ಒಳಗೆ ಎಂಟು ಜನ ಕೂರ್ತಾರೆ."

ಮಾವ ಒಬ್ಬಟ್ಟಿನ ತಟ್ಟೆಯನ್ನು ಮಗನ ಕಡೆ ಸರಿಸಿದರು. "ಅಂಗಾದ್ರೆ ಸರಿಯಾಗೇ ಮಾಡ್ದೆ ಬುಡು. ಉಣ್ಣು."

ಇವರು ಒಬ್ಬಟ್ಟು ಮುರಿಯುತ್ತಲೇ ಇದ್ದರು, ಬಾಯಿಗಿಡಲಿಲ್ಲ. "ಓದ್ಸಲಾನೂ ಗೊತ್ತಿರ್ನಿಲ್ಲ ಅಪ್ಪ. ಅದ್ರಿಂದ್ಲ ಸಲಾನೂ. ಸರಿಯಾಗಿ ಅದೆ ಅಂತ ರುಜು ಹಾಕಿ ಕಳಿಸ್ಬುಟ್ಟೆ, ಆರು ವರ್ಸ. ಅದು ಇಳಿಯೋಗಂಟ ನಂಗೆ ಅನ್ನ ಸೇರ್ತಿರ್ನಿಲ್ಲ."

ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಬಡಿಸುವುದು ಮರೆತು ನಿಂತುಬಿಟ್ಟೆ. ಆರು ವರ್ಷ ದಿನಾ ಫೋನಿನಲ್ಲಿ "ಊಟ ಆಯ್ತಾ?" ಅಂತ ಕೇಳುತ್ತಿದ್ದೆ. "ಆಯ್ತು" ಅನ್ನುತ್ತಿದ್ದರು.