ಬಿಸಿಲಿಗಿಟ್ಟ ಚೌಕಟ್ಟು

ಕಾಡುಗೋಡಿಯ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಕೃಪಾ ಪಂಕ್ ಅನ್ನುವ ಅಬ್ಬರದ ಹಾಡು ಹಾಡುತ್ತಿದ್ದಳು. ಹಾಡು ಕಟ್ಟುವುದು, ರೆಕಾರ್ಡ್ ಮಾಡುವುದು, ಕ್ಯಾಸೆಟ್ಟಿನ ಕವರಿಗೆ ಚಿತ್ರ ಬರೆದು ಸ್ಕ್ರೀನ್ ಪ್ರಿಂಟ್ ಹಾಕುವುದು, ಎಲ್ಲ ಅವಳ ಕೈಯದೇ. ಮಾರನೆಯ ದಿನ ಅವಳ ಮೊದಲ ಕಾರ್ಯಕ್ರಮ. ಬಂದವರಿಗೆ ಕೊಡಲು ಐವತ್ತು ಕವರು ಅಚ್ಚಾಗಬೇಕಿತ್ತು.

ಬೆಳಿಗ್ಗೆ ಸಂಡಿಗೆ ಒಣಹಾಕಲು ಮಹಡಿಗೆ ಹೋದೆ. ಅವಳು ಸ್ನಾನಕ್ಕೆ ಹೋಗಿದ್ದಳು, ಕೋಣೆಯ ಬಾಗಿಲು ತೆರೆದಿತ್ತು. ಮೂಲೆಯಲ್ಲಿ ಕಂಬಳಿಯಡಿ ಬಟ್ಟೆ ಬಿಗಿದ ಚೌಕಟ್ಟೊಂದು ಇನ್ನೂ ತೇವವಾಗಿತ್ತು. ಪಾಪ, ಒಣಗಲಿ ಎಂದು ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗಿಟ್ಟೆ.

ಕೃಪಾ ಬಂದು ನೋಡಿ ಅಲ್ಲೇ ಕೂತುಬಿಟ್ಟಳು.

"ಅಜ್ಜಿ, ಇದು ಕವರ್ ಅಚ್ಚು ಹಾಕೋ ಚೌಕಟ್ಟು. ಚಿತ್ರ ಇಡೋಕ್ ಮುಂಚೆ ಇದಕ್ಕೆ ಬಿಸಿಲು ತಾಗ್ಬಾರ್ದು. ಮೆತ್ತಿರೋ ಕೆಮಿಕಲ್ ಗಟ್ಟಿಯಾಗ್ಬಿಡುತ್ತೆ. ಇದ್ದಿದ್ದೇ ಇಷ್ಟು, ಭಾನುವಾರ ಅಂಗಡೀನೂ ಇಲ್ಲ."

"ತೊಳುದ್ರೆ ಓಗಲ್ವೇನವ್ವ?"

"ನಿಮ್ ಸಂಡಿಗೆ ನೆನೆಸಿದ್ರೆ ವಾಪಸ್ ಹಿಟ್ಟಾಗುತ್ತಾ?"

ಆದರೂ ಚಿತ್ರದ ಹಾಳೆಯನ್ನು ಮೇಲಿಟ್ಟು ಮತ್ತೆ ಬಿಸಿಲು ತೋರಿಸಿದಳು. ಚಿತ್ರವಿದ್ದ ಕಡೆಯೆಲ್ಲ ಕೆಮಿಕಲ್ ನೀರಿಗೆ ಕರಗಿ ಹೋಗಬೇಕಂತೆ, ಆಗಲೇ ಅಲ್ಲಿಂದ ಬಣ್ಣ ಇಳಿದು ಕವರಿನ ಮೇಲೆ ಅಚ್ಚಾಗುವುದಂತೆ. ಅವಳು ಚೌಕಟ್ಟು ಹಿಡಿದಳು, ನಾನು ಚೊಂಬಿನಲ್ಲಿ ನೀರು ಹೊಯ್ದೆ. ಒಂದು ಗೆರೆಯೂ ಬಿಟ್ಟುಕೊಳ್ಳಲಿಲ್ಲ.

"ಸಾಕ್ಬಿಡಿ ಅಜ್ಜಿ" ಎಂದಳು.

ನಾನು ಇನ್ನೊಂದು ಚೊಂಬು ತುಂಬಿಕೊಂಡೆ.